ಮಾರ್ಚಿನಲ್ಲಿ ರೂಮಿಲ್ಲ

ಕೊಡಗಿನ ದುಬಾರೆಗೆ ಹೋಗುವ ದಾರಿಯಲ್ಲಿ ಪ್ರೇಮಾವತಿಯ ಹೋಂಸ್ಟೇ ಇದೆ. ಮೂರು ರೂಮು, ಹಿಂದೆ ಒಂದಿಷ್ಟು ಕಾಫಿ ತೋಟ. ಫೋನು ಬಂದರೆ ಎತ್ತುವವಳು ಅವಳೇ. ಜಿಗಣೆ ಇರುತ್ತಾ, ಆನೆ ಅಂಗಳಕ್ಕೆ ಬರುತ್ತಾ, ಬಿಸಿನೀರು ಎಷ್ಟು ಹೊತ್ತಿಗೆ ಎಂದು ಕೇಳುವವರಿಗೆಲ್ಲ ತಾಳ್ಮೆಯಿಂದ ಉತ್ತರ ಹೇಳುತ್ತಾಳೆ. ಫೋನು ಇಟ್ಟ ಮೇಲೆ ಅದೇ ಪ್ರಶ್ನೆಗಳನ್ನು ಅವರದೇ ದನಿಯಲ್ಲಿ ಕೇಳಿ ಗಂಡ ಕುಶಾಲಪ್ಪನನ್ನು ನಗಿಸುತ್ತಾಳೆ.

ಅವಳಿಗೆ ಬಾರದ ವಿದ್ಯೆ ಒಂದೇ. ರೂಮು ಕೇಳಿದವರಿಗೆ ಇಲ್ಲ ಎನ್ನುವುದು. ಮೂರೂ ರೂಮು ತುಂಬಿದ್ದಾಗ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು, ಗಂಡ ಹೆಂಡತಿ ಕಾಫಿ ಮೂಟೆಗಳ ಪಕ್ಕ ಚಾಪೆ ಹಾಸಿಕೊಂಡದ್ದುಂಟು.

ಕಳೆದ ಬೇಸಿಗೆಯಲ್ಲಿ ಬಂದ ಕುಟುಂಬವೊಂದು ಅಂಡಮಾನಿನ ವಿಡಿಯೋ ತೋರಿಸಿತು. ಹೋಗುವಾಗ, ನೀರಿನೊಳಗೆ ನೋಡಲು ಹಾಕಿಕೊಳ್ಳುವ ದೊಡ್ಡ ಕನ್ನಡಕವನ್ನು ಮರೆತು ಹೋಯಿತು. ಕಳಿಸುತ್ತೇನೆ ಎಂದರೆ, "ಇಟ್ಕೊಳ್ಳಿ ಆಂಟಿ" ಎಂದರು. ಮರುದಿನ ಪ್ರೇಮಾವತಿ ಅದನ್ನು ಹಾಕಿಕೊಂಡು ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಮುಖ ಮುಳುಗಿಸಿದಳು. ತಳದಲ್ಲಿ ಕಪ್ಪೆಯೊಂದು ಅವಳನ್ನೇ ನೋಡುತ್ತಿತ್ತು. ಅದರ ಕಣ್ಣಿನ ಸುತ್ತಲಿನ ಹಳದಿ ಗೆರೆ ಕೂಡ ಕಂಡಿತು.

"ತೊಟ್ಟಿಯಲ್ಲೇ ಇಷ್ಟು ಕಾಣ್ತದೆ. ಸಮುದ್ರದಲ್ಲಿ ಎಂತೆಲ್ಲ ಕಾಣ್ಬಹುದು!" ಎಂದು ತಲೆ ಎತ್ತಿದಳು. ಐವತ್ತೈದು ವರ್ಷದಲ್ಲಿ ಅವಳು ಕಡಲು ನೋಡಿದ್ದು ಒಮ್ಮೆ, ಮಂಗಳೂರಿನಲ್ಲಿ, ಮದುವೆ ಸೀರೆ ಒದ್ದೆಯಾಗದ ಹಾಗೆ ದೂರ ನಿಂತು.

ಹೋಗುವುದೆಂದು ನಿಶ್ಚಯವಾಯಿತು. ಯಾವಾಗ ಎನ್ನುವುದಕ್ಕೆ ಯೋಚನೆಯೇ ಬೇಕಿರಲಿಲ್ಲ. ಹೋಂಸ್ಟೇ ಖಾಲಿ ಇರುವುದು ಜುಲೈಯಲ್ಲಿ, ಹಾಗಾಗಿ ಜುಲೈ. ಅಂಡಮಾನಿನ ಪುಟ್ಟ ದ್ವೀಪವೊಂದರ ಹೋಂಸ್ಟೇಗೆ ಅವಳು ಫೋನು ಮಾಡಿದಳು. ಅದನ್ನು ನಡೆಸುವ ಯಮುನ ಕೇರಳದ ಕಡೆಯವಳು. ಕುಶಾಲನಗರದ ಅಂಗಡಿಗಳಲ್ಲಿ ಕಲಿತ ಮಲಯಾಳ ಪ್ರೇಮಾವತಿಯ ಕೈ ಹಿಡಿಯಿತು.

"ಜುಲೈ ಬೇಡ ಚೇಚಿ," ಎಂದು ಅಕ್ಕ ಎನ್ನುವ ಸಲಿಗೆಯಲ್ಲಿ ಹೇಳಿದಳು ಯಮುನ. "ಬರೀ ಮಳೆ. ನೀರು ಕಲಕಿರ್ತದೆ, ಏನೂ ಕಾಣೋದಿಲ್ಲ. ಮಾರ್ಚ್ ಮೊದಲ ವಾರ ಬನ್ನಿ."

ಬೆಂಗಳೂರಿನವರಿಗೆ ತಾನು ಹೇಳುವ ಮಾತೇ! ಪ್ರೇಮಾವತಿ ಪೆಚ್ಚಾದರೂ ಬಿಡಲಿಲ್ಲ. ಮೊಸಳೆ ಉಂಟಾ? ಮನೆ ಹತ್ತಿರ ಬರ್ತದಾ? ಸ್ನಾನಕ್ಕೆ ಬಿಸಿನೀರು?

"ಇಲ್ಲಿಯ ಸೆಕೆಗೆ ಬಿಸಿನೀರಾ ಚೇಚಿ?"

ಫೋನು ಇಟ್ಟವಳು ಗಂಡನ ಕಡೆ ತಿರುಗಿದಳು. "ಈಗ ಅವಳು ಗಂಡನ ಮುಂದೆ ನನ್ನ ಹಾಗೆ ಮಾತಾಡಿ ತೋರಿಸ್ತಿರ್ತಾಳೆ, ನೋಡಿ."

"ಚೆನ್ನಾಗಾಯ್ತು," ಎಂದ ಕುಶಾಲಪ್ಪ. "ಮಾರ್ಚಿನಲ್ಲಿ ನಾನಿಲ್ಲ. ಹೂ ಅರಳಿಸೋ ಹೂಮಳೆ ಬಾರದಿದ್ದರೆ ಕಾಫಿಗೆ ನೀರು ಹಾಯಿಸೋದು ಯಾರು?"

"ನಾನು," ಎಂದಳು ಮಗಳು ಗಾನವಿ. ಅವಳು ಕುಶಾಲನಗರದ ಶಾಲೆಯಲ್ಲಿ ಟೀಚರು.

"ನೀನಾ? ಸ್ಪ್ರಿಂಕ್ಲರ್ ಪೈಪು ಜೋಡಿಸ್ಲಿಕ್ಕೆ ಬರ್ತದಾ?"

"ತೋಟದ ಕೆಲಸದ ಮಂಜೇಶಣ್ಣನಿಗೆ ಬರ್ತದೆ. ಮಂಜೇಶಣ್ಣನಿಗೆ ಹೇಳ್ಲಿಕ್ಕೆ ನಂಗೆ ಬರ್ತದೆ." ನಂತರ ತಾಯಿಯ ಕಡೆ ನೋಡಿದಳು. "ಆದರೆ ಶಾಲೆ ಬಿಟ್ಟು ಗೆಸ್ಟುಗಳನ್ನು ನೋಡ್ಲಿಕ್ಕೆ ನನ್ನಿಂದ ಆಗೋದಿಲ್ಲ ಅವ್ವ. ಆ ವಾರ ಹೋಂಸ್ಟೇ ಬಂದ್. ಸುಬ್ಬಣ್ಣ ಮೇಷ್ಟ್ರಿಗೆ ಈಗಲೇ ಹೇಳು, ಆಮೇಲೆ ಟಿಕೆಟ್. ನೀನು ಒಂದು 'ಬನ್ನಿ' ಅಂದರೆ ಅಂಡಮಾನ್ ಅಲ್ಲಿಗೆ ಮುಗೀತು."

ಮೈಸೂರಿನ ಸುಬ್ಬಣ್ಣ ಮೇಷ್ಟ್ರು ಪ್ರತಿ ವರ್ಷ ಸರಿಯಾಗಿ ಆ ವಾರವೇ ಬರುವವರು. ಮಕ್ಕಳಿಗೆಲ್ಲ ಪರೀಕ್ಷೆ, ಗಲಾಟೆ ಇರುವುದಿಲ್ಲ ಎಂದು ಸ್ನೇಹಿತರನ್ನೂ ಕರೆದುಕೊಂಡು ಬಂದು ಮೂರೂ ರೂಮು ಹಿಡಿಯುತ್ತಿದ್ದರು. ಹೋಂಸ್ಟೇ ಶುರುವಾದ ವರ್ಷ ಬಂದ ಮೊದಲ ಗೆಸ್ಟೂ ಅವರೇ.

ಪ್ರೇಮಾವತಿ ಫೋನು ಮಾಡಿದಳು. ಮೈಸೂರಿನ ಬಿಸಿಲು ವಿಚಾರಿಸಿದಳು, ಮೇಷ್ಟ್ರ ಹೆಂಡತಿಯ ಮಂಡಿನೋವು ವಿಚಾರಿಸಿದಳು. ಮುಖ್ಯ ಮಾತಿಗೆ ಮಾತ್ರ ಬರಲಿಲ್ಲ.

"ಮಾರ್ಚಿಗೆ ಬರ್ತಾ ಇದೀವಮ್ಮ," ಎಂದರು ಮೇಷ್ಟ್ರು. "ನಿಮ್ಮ ಕಡುಬು ಜ್ಞಾಪಿಸಿಕೊಂಡೇ ಇಲ್ಲಿ ಇಡ್ಲಿ ತಿನ್ನೋದು."

"ಅಯ್ಯೋ, ಬನ್ನಿ ಬನ್ನಿ ಮೇಷ್ಟ್ರೇ..."

ಗಾನವಿ ಎದ್ದು ಹೋಗಿ ಆ ನೀರಿನ ಕನ್ನಡಕವನ್ನು ತಂದು ತಾಯಿಯ ಎದುರು ಮೇಜಿನ ಮೇಲಿಟ್ಟಳು. ಪ್ರೇಮಾವತಿ ಅದನ್ನು ನೋಡಿದಳು.

"ಬನ್ನಿ, ಆದರೆ ಮಾರ್ಚಿನಲ್ಲಿ ರೂಮಿಲ್ಲ."

"ಮೂರೂ?"

"ಮೂರೂ."

"ಅಷ್ಟು ಜನ ಯಾರಮ್ಮ ಬರೋರು?"

"ಬರೋದಲ್ಲ ಮೇಷ್ಟ್ರೇ, ಹೋಗೋದು. ನಾವು. ಅಂಡಮಾನಿಗೆ." ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದು ಸರಾಗವಾಗಿ ಬಂತು. "ನೀವು ಜುಲೈಯಲ್ಲಿ ಬನ್ನಿ. ಬೇಕಾದ ರೂಮು ತಗೊಳ್ಳಿ."

"ಜುಲೈನಲ್ಲಿ ಯಾರೂ ಬರಬೇಡಿ ಅಂತಿದ್ದವರು ನೀವೇ ಅಲ್ವೇನಮ್ಮ!"

"ಹೌದು, ಜಿಗಣೆ ಇರ್ತದೆ. ಕಾಲಿಗೆ ಹಚ್ಲಿಕ್ಕೆ ಉಪ್ಪು ತೆಗೆದಿಟ್ಟಿರ್ತೇನೆ."

ಮೇಷ್ಟ್ರು ನಕ್ಕಿದ್ದು ಅಡುಗೆಮನೆಗೆಲ್ಲ ಕೇಳಿತು. "ಹೋಗಿ ಬನ್ನಿ. ಜುಲೈನಲ್ಲಿ ಕಡುಬಿನ ಜೊತೆ ಮೀನಿನ ಕಥೆಯೂ ಬೇಕು," ಎಂದರು.

ಪ್ರೇಮಾವತಿ ಫೋನು ಇಟ್ಟು ಸೆರಗಿನಿಂದ ಹಣೆ ಒರೆಸಿಕೊಂಡಳು. ಗಾನವಿ ಆಗಲೇ ತನ್ನ ಫೋನಿನಲ್ಲಿ ಟಿಕೆಟ್ ಹುಡುಕುತ್ತಿದ್ದಳು. "ಒಬ್ಬರಿಗಾ, ಇಬ್ಬರಿಗಾ?" ಎಂದು ತಲೆ ಎತ್ತದೆ ಕೇಳಿದಳು.

ಪ್ರೇಮಾವತಿ ಗಂಡನನ್ನು ನೋಡಿದಳು. ಕುಶಾಲಪ್ಪ ಮೇಜಿನ ಮೇಲಿದ್ದ ಕನ್ನಡಕವನ್ನು ಮುಖಕ್ಕೆ ಹಾಕಿ, ಪಟ್ಟಿ ಎಳೆದು, ಆ ಕಡೆ ಈ ಕಡೆ ತಿರುಗಿ ನೋಡುತ್ತಿದ್ದ.

"ಇದು ನನ್ನ ಮೂಗಿಗೆ ಕೂರೋದಿಲ್ಲ," ಎಂದ. "ಇನ್ನೊಂದು ತರಿಸು."