ನನ್ನ ಹೆಸರಿನಲ್ಲಿ ಓಡಾಡಿದ ಬೈಕು

ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರು. ಮನೆ ರಾಮನಗರದಲ್ಲಿ. ನನ್ನ ಗಂಡ ಬಿಡದಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟು ಕೆಲಸ ಮಾಡುತ್ತಾರೆ. ಊರಾಚೆ ಕೊಂಡಿದ್ದ ಸೈಟಿನಲ್ಲಿ ಮನೆ ಕಟ್ಟಿಸೋಣವೆಂದು ಇಬ್ಬರೂ ರಜೆ ಹಾಕಿ ಬ್ಯಾಂಕಿಗೆ ಹೋದೆವು. ನನ್ನದು ಸರ್ಕಾರಿ ಸಂಬಳವಾದ್ದರಿಂದ ಸಾಲ ನನ್ನ ಹೆಸರಿಗೇ ಎಂದು ಮೊದಲೇ ತೀರ್ಮಾನವಾಗಿತ್ತು. ಸಾಲದ ವಿಭಾಗದ ಮ್ಯಾನೇಜರಮ್ಮ ನನ್ನ ಪಾನ್ ನಂಬರು ಒತ್ತಿ, ಸ್ವಲ್ಪ ಹೊತ್ತು ಕಂಪ್ಯೂಟರನ್ನೇ ನೋಡಿದರು.

"ಮೇಡಂ, ನಿಮ್ಮ ಹೆಸರಲ್ಲಿ ಆಗಲೇ ಎರಡು ಸಾಲ ಇದೆಯಲ್ಲ. ಒಂದು ಬೈಕಿಗೆ, ಇನ್ನೊಂದು ಫ್ರಿಜ್ಜು, ಟಿವಿಗೆ. ಎರಡಕ್ಕೂ ಕಂತು ಕಟ್ಟೋದು ನಿಲ್ಲಿಸಿದ್ದೀರ."

ನಾನು ನಕ್ಕುಬಿಟ್ಟೆ. "ನನಗೆ ಬೈಕು ಓಡ್ಸೋಕೇ ಬರಲ್ಲ ಮೇಡಂ."

ಅವರು ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡನೂ ನಗಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಅವರು ಕೇಳಿದರು. "ನಿಮ್ಮ ತವರು ಮನೆಯೋರಿಗೆ ಏನಾದ್ರೂ ಕೊಡ್ಸಿದ್ಯಾ? ಕೊಡ್ಸಿದ್ರೆ ಈಗ್ಲೇ ಹೇಳ್ಬುಡು. ನಾನೇನೂ ಅನ್ನಕಿಲ್ಲ."

ಏನೂ ಅನ್ನುವುದಿಲ್ಲ ಎಂದ ಆ ದನಿಯಲ್ಲೇ ಎಲ್ಲ ಮಾತೂ ಇತ್ತು. ನಾನು ಇಲ್ಲ ಎಂದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಅಷ್ಟರಲ್ಲಿ ನನ್ನ ತಲೆಯೊಳಗೂ ಹುಳ ಹೊಕ್ಕಿತ್ತು. ನನ್ನ ಆಧಾರ್, ಪಾನ್ ಎಲ್ಲವೂ ಇರುವುದು ನಮ್ಮಿಬ್ಬರ ಬೀರುವಿನಲ್ಲಿ. ಅದರ ಬೀಗದ ಕೈ ಎಲ್ಲಿರುತ್ತದೆ ಎಂದು ಇವರಿಗಲ್ಲದೆ ಇನ್ಯಾರಿಗೆ ಗೊತ್ತು? ಆವತ್ತು ಇವರು ಸ್ನಾನಕ್ಕೆ ಹೋದಾಗ ಇವರ ಫೋನಿನ ಮೆಸೇಜುಗಳನ್ನು ನೋಡಿದೆ. ಏನೂ ಇರಲಿಲ್ಲ. ಅಳಿಸಿರಬಹುದು ಅಂದುಕೊಂಡೆ.

ಮಾರನೆಯ ದಿನ ನನ್ನ ಕ್ರೆಡಿಟ್ ರಿಪೋರ್ಟು ತರಿಸಿಕೊಂಡೆ. ವಿಳಾಸ ನಮ್ಮದೇ. ಫೋನ್ ನಂಬರು ಮಾತ್ರ ನಾನು ಎಂದೂ ಕಾಣದ್ದು. ಸಾಲ ಕೊಟ್ಟಿದ್ದು ಕನಕಪುರದ ಒಂದು ಫೈನಾನ್ಸ್ ಶಾಖೆ. ಸಾಲ ಪಡೆದ ಕಾಲ ನೋಡಿದರೆ, ಮರಳವಾಡಿ ಹತ್ತಿರ ನಮ್ಮ ತಾತನ ಜಮೀನು ಪಾಲಾದ ಆಸುಪಾಸು. ಅವ್ವ ಹೋದ ಮೇಲೆ ಅವಳ ಪಾಲಿಗೆ ನಾನು, ನನ್ನ ತಮ್ಮ ಇಬ್ಬರೂ ಸಹಿ ಹಾಕಬೇಕಿತ್ತು. ಆಗ ಕೇಳಿದವರಿಗೆಲ್ಲ ಜೆರಾಕ್ಸು, ಫೋಟೊ ಕೊಟ್ಟಿದ್ದೆ. ಮಾಗಡಿಯಲ್ಲಿರುವ ತಮ್ಮನಿಗೆ, ಪತ್ರ ಬರಹಗಾರನಿಗೆ, ಓಡಾಟವೆಲ್ಲ ನೋಡಿಕೊಂಡ ಚಿಕ್ಕವ್ವನ ಮಗನಿಗೆ.

ಅಲ್ಲಿಂದ ನನಗೆ ಯಾರ ಮುಖ ಕಂಡರೂ ಅನುಮಾನ. ಬಸ್ಸಿನ ಕಿಟಕಿಯಿಂದ ಕಂಡ ಬೈಕನ್ನೆಲ್ಲ ಇದೇ ಇರಬಹುದೇ ಎಂದು ನೋಡುತ್ತಿದ್ದೆ. ನಾನು ಕಾಣದ ಬೈಕೊಂದು ನನ್ನ ಹೆಸರು ಹೊತ್ತು ಎಲ್ಲೋ ಓಡಾಡುತ್ತಿತ್ತು. ಅದು ಯಾರಿಗಾದರೂ ಗುದ್ದಿದರೆ ಪೊಲೀಸರು ಬರುವುದು ನನ್ನ ಬಾಗಿಲಿಗೆ.

ಆ ಭಾನುವಾರ ತಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಹೊಸ ಬೈಕು ನಿಂತಿತ್ತು. ಕಾಫಿ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ನಿಂತೆ.

"ಯಾಕಕ್ಕ ಅಂಗೆ ನೋಡ್ತೀಯ?"

"ಇದನ್ನ ಯಾವಾಗ ತಗಂಡೆ?"

"ನಮ್ಮ ಮಾವ ಕೊಡ್ಸಿದ್ದು. ಹೇಳಿದ್ನಲ್ಲ."

"ಆರ್‌ಸಿ ಒಸಿ ತೋರ್ಸು."

ಅವನು ಒಳಗೆ ಹೋಗಿ ತಂದು ನನ್ನ ಮುಂದೆ ಇಟ್ಟ. ಅದರಲ್ಲಿ ಅವನ ಹೆಸರಿತ್ತು. ಆಮೇಲೆ ವಿಷಯ ಹೇಳಿದೆ. ಅವನು ಕೇಳಿಸಿಕೊಂಡು, "ಮೊದ್ಲೇ ಹೇಳಿದ್ರೆ ನಾನೇ ತೋರಿಸ್ತಿದ್ನಲ್ಲಕ್ಕ," ಎಂದಷ್ಟೇ ಅಂದ. ಬಸ್ ಸ್ಟ್ಯಾಂಡಿಗೆ ಬಿಡಲು ಬಂದ. ಬೈಕು ತೆಗೆಯಲಿಲ್ಲ, ನಡೆದೇ ಬಂದ.

ರಿಪೋರ್ಟಿನಲ್ಲಿದ್ದ ನಂಬರಿಗೆ ಫೋನ್ ಮಾಡಲು ಧೈರ್ಯ ಸಾಲದೆ ಕೆಲವು ದಿನ ಸುಮ್ಮನಿದ್ದೆ. ಕೊನೆಗೆ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಟೀಚರ್ ಫೋನ್ ಇಸಿದುಕೊಂಡು ಒತ್ತಿದೆ. ಆ ಕಡೆಯಿಂದ ಹೆಂಗಸಿನ ದನಿ.

"ಅಲೋ, ಯಾರವ್ವಾ?"

ಫೋನ್ ಕೆಳಗಿಟ್ಟೆ. ಪಿಯುಸಿ ಓದುವಾಗ ಕನಕಪುರದಲ್ಲಿ ದಿನವೂ ನನ್ನನ್ನು ಏಳಿಸುತ್ತಿದ್ದ ದನಿ ಅದು. ನನ್ನ ಚಿಕ್ಕವ್ವ. ನನ್ನ ಫೋನಿನಲ್ಲಿದ್ದ ಅವಳ ನಂಬರು ಬೇರೆ.

ಹೇಳದೆಕೇಳದೆ ಕನಕಪುರಕ್ಕೆ ಹೋದೆ. ಚಿಕ್ಕವ್ವ ಬಾಗಿಲಲ್ಲೇ ನನ್ನ ಕೆನ್ನೆ ಸವರಿ, "ಎಷ್ಟು ಇಳ್ದೋಗಿದ್ದೀಯವ್ವ," ಎಂದು ಮುದ್ದೆ ತೊಳಸಿ ಉಪ್ಸಾರು ಬಡಿಸಿದಳು. ಅಡುಗೆ ಮನೆಯ ಮೂಲೆಯಲ್ಲಿ ದೊಡ್ಡ ಫ್ರಿಜ್ಜು. ಅದರ ತಲೆಯ ಮೇಲೆ ಕಸೂತಿಯ ಬಟ್ಟೆ ಹಾಸಿದ್ದಳು. ನಾನು ಫ್ರಿಜ್ಜು ನೋಡುವುದನ್ನು ಅವಳು ನೋಡಿದಳೇ? ನೋಡಿಯೂ ಕಾಣದವಳಂತೆ ಖಾರ ಬಡಿಸಿದಳೇ?

ಅವಳ ಮಗ ಬಂದ. ಕೂಗಾಡಬೇಕೆಂದು ಬಂದವಳು ಮೆತ್ತಗೆ ಕೇಳಿದೆ. "ಬೈಕು ಎಲ್ಲೈತೆ?"

ಅವನು ನನ್ನ ಮುಖ ನೋಡಿ ಕುರ್ಚಿಯ ಮೇಲೆ ಕೂತ. ಸುಳ್ಳು ಹೇಳಲು ಹೋಗಲಿಲ್ಲ. ಹಾರೋಹಳ್ಳಿಯಲ್ಲಿ ಕೆಲಸ ಸಿಕ್ಕಿತ್ತಂತೆ. ಓಡಾಡಲು ಬೈಕು ಬೇಕಿತ್ತು. ಹಿಂದೆ ಮಾಡಿದ ಸಾಲ ಕೆಟ್ಟು ಅವನ ಹೆಸರಿಗೆ ಯಾರೂ ಕೊಡುತ್ತಿರಲಿಲ್ಲ. ಫೈನಾನ್ಸಿನ ಏಜೆಂಟನೊಬ್ಬ ಗುರುತಿನವನಾಗಿದ್ದ. ಬೈಕಿಗೂ ಫ್ರಿಜ್ಜು, ಟಿವಿಗೂ ಒಂದೇ ದಿನ ನನ್ನ ಸಹಿ ಇವನೇ ಹಾಕಿದ. ಕೆಲಸ ಇರುವಷ್ಟು ದಿನ ಕಂತು ಕಟ್ಟಿದ, ಕೆಲಸ ಹೋದ ಮೇಲೆ ನಿಂತಿತು.

"ನಿನ್ ಹೆಸ್ರು ಚೆನ್ನಾಗಿತ್ತು ಕಣಕ್ಕ. ಅದ್ಕೇ," ಎಂದ. "ಕಟ್ಬುಡ್ತೀನಿ ಬುಡು. ಯಾರ್ಗೂ ಹೇಳ್ಬೇಡ."

ಚಿಕ್ಕವ್ವ ಒಲೆಯ ಮುಂದೆ ನನಗೆ ಬೆನ್ನು ತಿರುಗಿಸಿ ಪಾತ್ರೆ ಒರೆಸುತ್ತಿದ್ದಳು. ಆಗಲೇ ಒರೆಸಿದ್ದ ಪಾತ್ರೆ ಅದು.

ಫೈನಾನ್ಸ್ ಆಫೀಸಿನ ಮ್ಯಾನೇಜರನೂ ಅದನ್ನೇ ಹೇಳಿದ. "ನಿಮ್ಮೋರೇ ಅಲ್ವಾ ಮೇಡಂ. ಕಟ್ಟಿ ಕ್ಲೋಸ್ ಮಾಡ್ಬುಡಿ, ಎಲ್ಲಾ ಸರಿ ಹೋಯ್ತದೆ." ಅವನು ಇಷ್ಟು ಸಲೀಸಾಗಿ ಹೇಳಿದ್ದೇ ನನಗೆ ಅನುಮಾನ ಹುಟ್ಟಿಸಿತು. ರಾಮನಗರದ ಬ್ಯಾಂಕಿಗೆ ಹೋಗಿ ಮ್ಯಾನೇಜರಮ್ಮನನ್ನು ಕೇಳಿದೆ. ಅವರು ಬಾಗಿಲು ಮುಂದೆ ಮಾಡಿ ಹೇಳಿದರು. "ಕಟ್ಟಿದ್ರೆ ಸಾಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ. ಕಂತು ತಪ್ಪಿಸಿದ ಕಲೆ ವರ್ಷಗಟ್ಟಲೆ ನಿಮ್ಮ ಮೇಲೇ ಇರುತ್ತೆ. ಸಾಲ ನನ್ನದಲ್ಲ ಅಂತ ಬರೆದುಕೊಡಿ. ಪೊಲೀಸ್ ಕಂಪ್ಲೇಂಟ್ ಕೊಡಿ. ಆಮೇಲೆ ರಿಪೋರ್ಟ್ ಕೊಡೋ ಕಂಪನಿಗೂ ತಕರಾರು ಹಾಕಿ."

ಪೊಲೀಸ್ ಎಂದ ಕೂಡಲೇ ನೆಂಟರಿಷ್ಟರೆಲ್ಲ ಎದ್ದು ಕೂತರು. ಸೋದರಮಾವ ಫೋನ್ ಮಾಡಿ, "ಮನೆ ಮಾನ ಬೀದೀಗ್ ತಂದ್ಯಲ್ಲವ್ವಾ," ಎಂದರು. ಯಾರೂ ಬೈಕು ತಂದವನನ್ನು ಬೈದದ್ದು ನನ್ನ ಕಿವಿಗೆ ಬೀಳಲಿಲ್ಲ. ಇವರೆಲ್ಲರಿಗೂ ಮೊದಲೇ ಗೊತ್ತಿತ್ತೇನೋ ಎನ್ನಿಸತೊಡಗಿತು. ನನ್ನ ಗಂಡ ಮಾತ್ರ, "ನೀನು ಕೊಡು. ನಾನು ಬತ್ತೀನಿ," ಎಂದರು. ಠಾಣೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದಾಗ ಇವರ ಫೋನ್ ನೋಡಿದ್ದನ್ನು ಹೇಳಿದೆ. "ಗೊತ್ತು," ಎಂದರು. "ನಾನೂ ನಿನ್ನ ಬ್ಯಾಗು ನೋಡಿದ್ದೆ." ಇಬ್ಬರಿಗೂ ನಗು ಬರಲಿಲ್ಲ, ಆದರೂ ಆವತ್ತು ಮನೆಯಲ್ಲಿ ಸ್ವಲ್ಪ ಉಸಿರಾಡುವಂತಾಯಿತು.

ದೂರಿನಲ್ಲಿ ಯಾರ ಮೇಲೆ ಅನುಮಾನ ಎಂದು ಕೇಳಿದರು. ಅನುಮಾನವಲ್ಲ, ಗೊತ್ತಿದೆ ಎಂದು ಚಿಕ್ಕವ್ವನ ಮಗನ ಹೆಸರು ಹೇಳಿದೆ.

ಆ ವಾರವೇ ಚಿಕ್ಕವ್ವ ಶಾಲೆಗೆ ಬಂದಳು. ನಾನು ಮಕ್ಕಳಿಗೆ ಖೋ ಖೋ ಆಡಿಸುತ್ತಿದ್ದೆ. ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಸೆರಗು ಹೊದ್ದು ನಿಂತಿದ್ದಳು. ಹತ್ತಿರ ಹೋದೆ. ಕೇಸು ವಾಪಸ್ಸು ತಗೋ ಎಂದು ಕೇಳಲು ಬಂದಿದ್ದಾಳೆ ಎಂದುಕೊಂಡು ಮನಸ್ಸು ಗಟ್ಟಿ ಮಾಡಿಕೊಂಡೆ.

"ಒಂದ್ ಮಾತು ಹೇಳೋಗನ ಅಂತ ಬಂದೆ," ಎಂದಳು. "ಸಾಲ ಕೊಡೋಕ್ ಮುಂಚೆ ಆ ಫೈನಾನ್ಸ್‌ನೋರು ಫೋನ್ ಮಾಡಿದ್ರು. ಸಾಲ ಕೇಳಿರೋದು ನಿಮ್ಮ ಮಗಳೇನಾ ಅಂದ್ರು. ಹೂಂ ಅನ್ನು ಅಂದ ನಮ್ ಹುಡ್ಗ. ಅಂದೆ."

"ಯಾಕೆ ಅಂದೆ ಚಿಕ್ಕವ್ವ?"

"ನೀನು ನನ್ನ ಮಗಳೇ ಅಲ್ವಾ?"

ಅವಳ ಕಣ್ಣಲ್ಲಿ ನೀರಿತ್ತು. ಅದು ಪ್ರೀತಿಯ ಮಾತೋ, ಮೊದಲೇ ಯೋಚಿಸಿಟ್ಟ ಉತ್ತರವೋ ನನಗೆ ತಿಳಿಯಲಿಲ್ಲ. ಎರಡು ವರ್ಷ ಅವಳ ಕೈಯೂಟ ತಿಂದವಳು ನಾನು. ಅವಳ ಮುಖ ಓದಲು ಬರುತ್ತದೆ ಎಂದುಕೊಂಡಿದ್ದೆ. ಬಸ್ಸಿನ ತನಕ ಜೊತೆಯಲ್ಲಿ ಹೋದೆ. ಕೇಸಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ನಡೆದದ್ದೆಲ್ಲ ಓಡಾಟ. ಸಹಿಯ ಮಾದರಿ ಕೊಟ್ಟೆ. ಸಾಲದ ಕಾಗದಕ್ಕೆ ಸಹಿ ಬಿದ್ದ ಆ ದಿನ ನಾನು ಮಕ್ಕಳನ್ನು ಕ್ರೀಡಾಕೂಟಕ್ಕೆ ಕರೆದುಕೊಂಡು ಹೋಗಿದ್ದೆನೆಂದು ಹೆಡ್‌ಮಾಸ್ಟರು ಬರೆದುಕೊಟ್ಟರು. ಫೈನಾನ್ಸಿನವರು ಮೊದಲು ಉತ್ತರವನ್ನೇ ಕೊಡಲಿಲ್ಲ. ಮತ್ತೆ ಬರೆದೆ, ಮೇಲಿನವರಿಗೂ ಬರೆದೆ. ಕೊನೆಗೆ ಬೈಕನ್ನು ಅವರೇ ಎಳೆದುಕೊಂಡು ಹೋದರು. ಎರಡೂ ಸಾಲ ನನ್ನದಲ್ಲವೆಂದು ಕಾಗದ ಬಂತು. ಹೊಸ ರಿಪೋರ್ಟು ತೆರೆದು ನೋಡಿದೆ. ಆ ಎರಡು ಸಾಲವೂ ಇರಲಿಲ್ಲ. ಮತ್ತೆ ಕಾಣಿಸಿಕೊಂಡಾವೆಂದು ಈಗಲೂ ಆಗಾಗ ತೆರೆದು ನೋಡುತ್ತೇನೆ.

ಚಿಕ್ಕವ್ವನ ಮಗ ಠಾಣೆಗೆ ಅಲೆದ, ಜಾಮೀನು ತಗೊಂಡ. ಕೇಸು ಇನ್ನೂ ನಡೆಯುತ್ತಿದೆ. ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾನೆ.

ಸಾಲ ಸಿಕ್ಕಿ ಮನೆ ಎದ್ದಿತು. ಗೃಹಪ್ರವೇಶಕ್ಕೆ ಚಿಕ್ಕವ್ವನನ್ನು ಕರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಕರೆದೆ. ಒಬ್ಬಳೇ ಬಂದಳು. ಊಟಕ್ಕೆ ಮೊದಲು, "ಈ ರೇಷ್ಮೆ ಸೀರೆ ಸೆಕೆ ಆಯ್ತದೆ. ಬದಲಾಯಿಸ್ಕತೀನಿ, ಒಸಿ ರೂಮು ತಗಿಯವ್ವ," ಎಂದಳು. ಮನೆ ತುಂಬ ಜನರಿದ್ದರೂ ಬೀಗ ಹಾಕಿದ್ದುದು ನಮ್ಮ ರೂಮೊಂದಕ್ಕೇ. ಬೀರು ಇದ್ದದ್ದು ಅಲ್ಲಿ. ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದೆ. ಅವಳು ಒಳಗೆ ಹೋದಳು. ನಾನು ಹೊರಗೆ ನಿಲ್ಲಬೇಕಿತ್ತು. ಅವಳ ಹಿಂದೆಯೇ ಹೋಗಿ, ಸೀರೆಯ ನೆರಿಗೆ ಹಿಡಿಯುವ ನೆಪದಲ್ಲಿ ಅಲ್ಲೇ ನಿಂತೆ. ಅವಳು ನೆರಿಗೆಯನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕ," ಎಂದಳು.