ಬೋಣಿಗೆಯ ಪ್ರೋಗ್ರಾಂ

ಎಂಬತ್ತರ ದಶಕದ ಕೊನೆಯಲ್ಲಿ ಶಿಗ್ಗಾಂವದ ನಮ್ಮ ಹಾಲಿನ ಸಂಘಕ್ಕೆ ಕಪಾಟಿನಷ್ಟು ದೊಡ್ಡ ಕಂಪ್ಯೂಟರ್ ಬಂತು. ಅದರ ಸಲುವಾಗಿ ತಣ್ಣಗಿನ ಕೋಣೆ ಬಂತು. ಕೋಣೆಯ ಸಲುವಾಗಿ ಕೆಲಸವಿಲ್ಲದವರೆಲ್ಲ ಬಂದರು. ಪ್ರೋಗ್ರಾಂ ಬರೆಯುವವನು ನಾನು. ಸಂಜೆ ಹಾಲು ತರಲು ಯಾವ ಗಾಡಿ ಯಾವ ಊರಿಗೆ ಹೋಗಬೇಕೆಂದು ದಿನಾ ಮುಂಜಾನೆ ಯಂತ್ರ ಹೇಳುತ್ತಿತ್ತು. ಹಿರೇಬೆಂಡಿಗೇರಿಯಲ್ಲಿ ಎಮ್ಮೆ ಹಿಂಡಿ ನನ್ನನ್ನು ಓದಿಸಿದ ಅವ್ವನಿಗೆ ಮಾತ್ರ, ತಂಪಿನಲ್ಲಿ ಕುಳಿತು ಗುಂಡಿ ಒತ್ತುವುದೂ ಒಂದು ದುಡಿಮೆ ಎಂಬ ನಂಬಿಕೆ ಬಂದಿರಲಿಲ್ಲ.

ನನ್ನವು ಮೂರು ಪ್ರೋಗ್ರಾಂ. ದೊಡ್ಡದು ನಡುವಿನದನ್ನು ಕೆಲಸಕ್ಕೆ ಕರೆಯುತ್ತಿತ್ತು, ನಡುವಿನದು ಸಣ್ಣದನ್ನು. ಸಣ್ಣದು ಒಂದೊಂದೇ ಊರಿನ ವಿವರ ಓದಿ ಮೇಲಕ್ಕೆ ಕಳಿಸಬೇಕು. ಓದಲಾಗದೆ ಅದು ಮುಗ್ಗರಿಸಿದರೆ ಯಂತ್ರ ನಿಂತು ಪರದೆಯ ಮೇಲೆ ಕೇಳುತ್ತಿತ್ತು: ಎಲ್ಲ ರದ್ದು ಮಾಡಲೋ, ತಪ್ಪನ್ನು ಬಿಟ್ಟು ಮುಂದೆ ಹೋಗಲೋ? ರದ್ದು ಎಂದರೆ ಮೂರೂ ನಿಲ್ಲುತ್ತವೆ. ಹಿಂದಿನ ದಿನದ ಪಟ್ಟಿಯ ಪ್ರಕಾರ ಗಾಡಿ ಕಳಿಸಿದರಾಯಿತು. ಉತ್ತರ ಕೊಡಬೇಕಾದ ಆಪರೇಟರು ಪೇಟೆಯ ಕಿರಾಣಿ ಅಂಗಡಿ ಮನೆತನದ ಹಿರಿಯರೊಬ್ಬರು.

ಒಂದು ಮುಂಜಾನೆ ಅವ್ವ ಬಸ್ಸಿಳಿದು, ಮೊಸರಿನ ಗಡಿಗೆ ಹೊತ್ತು ನೇರ ತಣ್ಣಗಿನ ಕೋಣೆಗೇ ಬಂದಳು. ಹಿಂದಿನ ಸಂಜೆ ನಮ್ಮೂರಿಗೆ ಗಾಡಿಯೇ ಹೋಗಿರಲಿಲ್ಲ, ತಡಸಕ್ಕೆ ಎರಡು ಹೋಗಿದ್ದವು. ಓಣಿಯ ಹೆಂಗಸರೆಲ್ಲ ಕತ್ತಲಾಗುವ ತನಕ ರಸ್ತೆಯಲ್ಲಿ ಕಾದು, ನನಗೆ ಬೈದು, ಹಾಲಿಗೆ ಹೆಪ್ಪು ಹಾಕಿದ್ದರು.

“ಇನ್ನೊಮ್ಮಿ ಹಿಂಗಾದ್ರ ನಾ ಊರಾಗ ಹೆಂಗ ಅಡ್ಡಾಡ್ಲಿ?” ಎಂದಳು ಅವ್ವ.

ಸಿಟ್ಟಿನಿಂದ ಆಪರೇಟರರತ್ತ ತಿರುಗಿದೆ. ನಮ್ಮೂರಿನ ಸರದಿಯಲ್ಲಿ ಸಣ್ಣದು ಮುಗ್ಗರಿಸಿತ್ತಂತೆ. ಇವರು ಮುಂದೆ ಹೋಗು ಎಂದಿದ್ದರು. ಹಿಂದಿನ ಸರದಿಯ ತಡಸದ ವಿವರ ಅಲ್ಲೇ ಉಳಿದಿತ್ತು. ಅದನ್ನೇ ನಡುವಿನದು ಎತ್ತಿಕೊಂಡು ದೊಡ್ಡದಕ್ಕೆ ಒಪ್ಪಿಸಿತ್ತು. ರದ್ದು ಯಾಕೆ ಒತ್ತಲಿಲ್ಲ ಎಂದು ಕೇಳಿದೆ.

“ದಿನದ ಮೊದಲನೇ ಕೆಲಸ ಅದು. ಬೋಣಿಗಿ ವ್ಯಾಳ್ಯಾಕ ಬ್ಯಾಡ ಅನ್ನಾಕ ನನ್ನ ಕೈ ಬರೂದಿಲ್ರಿ” ಎಂದರು. ದಿನದ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಿ ಗೊತ್ತಿಲ್ಲದ ಮನೆತನ.

ನಾನು ಅವ್ವನ ಮುಖ ನೋಡಿದೆ. ಅವಳು ಅವರ ಮಾತಿಗೆ ತಲೆದೂಗಿ, ಒಂದು ಬಟ್ಟಲು ಮೊಸರು ಬಗ್ಗಿಸಿ ಅವರ ಮುಂದಿಟ್ಟಳು. ನನಗೆ ಕೊಡಲಿಲ್ಲ.

ಅವತ್ತೇ ಕೆಟ್ಟಿದ್ದ ವಿವರ ಸರಿಪಡಿಸಿ, ಜೊತೆಗೆ ನಾಲ್ಕನೆಯ ಪ್ರೋಗ್ರಾಂ ಒಂದನ್ನು ಬರೆದೆ. ಅದು ಯಾರನ್ನೂ ಕರೆಯುವುದಿಲ್ಲ, ಏನನ್ನೂ ಓದುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ಶ್ರೀ’ ಎಂದು ಅಚ್ಚು ಹಾಕಿ ಸುಖವಾಗಿ ಮುಗಿಯುತ್ತದೆ. ದಿನಾ ಇದರಿಂದಲೇ ಬೋಣಿಗೆ ಮಾಡಿರಿ ಎಂದೆ. ಅವರು ಆ ಹಾಳೆಗೆ ನಮಸ್ಕಾರ ಮಾಡಿ ಒಪ್ಪಿಕೊಂಡರು.

ಮಳೆಗಾಲದಲ್ಲಿ ಸಣ್ಣದು ಮತ್ತೆ ಮುಗ್ಗರಿಸಿತು, ಮತ್ತೆ ನಮ್ಮೂರಿನ ಸರದಿಗೇ. ಬೋಣಿಗೆ ಆಗಿತ್ತು. ಆಪರೇಟರು ಹಿಂದುಮುಂದು ನೋಡದೆ ರದ್ದು ಒತ್ತಿದರು. ಮೂರೂ ನಿಂತವು, ಹಿಂದಿನ ದಿನದ ಪಟ್ಟಿ ಹಿಡಿದು ಗಾಡಿಗಳು ಹೊರಟವು. ನನಗೆ ಖುಷಿಯಲ್ಲಿ ಕೂರಲಾಗಲಿಲ್ಲ. ಸಂಜೆಯ ಬಸ್ಸು ಹತ್ತಿ ಊರಿಗೆ ಹೋದವನೇ ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ.

ಅವಳು ಎಮ್ಮೆಗೆ ಹಿಂಡಿ ಕಲಸುತ್ತ ಪೂರ್ತಿ ಕೇಳಿದಳು.

“ಗಾಡಿ ದಿನಾ ಬರೂದ, ಬಂತು,” ಎಂದಳು. “ಅದಿರ್ಲಿ, ನೀ ಇವತ್ತೇನ್ ಕೆಲಸಾ ಮಾಡಿದಿ?”