ಆಯುಧಪೂಜೆಯ ಮುಯ್ಯಿ

ಅವನ ಬಲಗೈ ಕಿರುಬೆರಳಿನ ಉಗುರು ಉದ್ದವಾಗಿ ಬೆಳೆದು ಹಳದಿಗೆ ತಿರುಗಿತ್ತು. ಅದೇ ಉಗುರಿನಿಂದ ಕಿವಿ ಕೆರೆದುಕೊಳ್ಳುವನು, ಅದೇ ಉಗುರಿನಿಂದ ನನ್ನ ಮುಂದಿನ ಪರದೆಯನ್ನು ಟಕಟಕ ಕುಟ್ಟುವನು. ಗುಂಡ್ಲುಪೇಟೆಯ ಆ ಸೈಬರ್ ಸೆಂಟರಿನ ಯಜಮಾನನನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ ಎಂದೆ. ಅಷ್ಟು ಮನಸ್ಸಿಲ್ಲದೆ ಇನ್ಯಾರನ್ನೂ ಅಣ್ಣ ಎಂದಿಲ್ಲ.

ಮೊಬೈಲಿಗೆ ಇಂಟರ್ನೆಟ್ ಬಾರದ ಕಾಲ. ನಾನು ಬೇಗೂರಿನಿಂದ ಬಸ್ಸಿನಲ್ಲಿ ಹೋಗಿ ಅವನ ಪಕ್ಕದ ಕಟ್ಟಡದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಬಿಡುವಿನಲ್ಲಿ ಅವನಲ್ಲಿಗೆ ಹೋಗಿ ಒಂದು ಆಟಕ್ಕೆ ಬಿದ್ದೆ. ನೂರಾರು ಜನ ಸೇರಿ ಆಡುವ ಯುದ್ಧದಾಟ ಅದು. ಒಬ್ಬೊಬ್ಬರಿಗೂ ಒಂದು ಊರು. ಕಣಜ ತುಂಬಿಸಬೇಕು, ಸೈನ್ಯ ಕಟ್ಟಬೇಕು, ಗುಂಪು ಸೇರಿ ಇನ್ನೊಂದು ಗುಂಪಿನ ಮೇಲೆ ಬೀಳಬೇಕು. ಕಂಪ್ಯೂಟರ್ ಆರಿಸಿದರೂ ಆಟ ನಿಲ್ಲುವುದಿಲ್ಲ. ಹೊರಟ ಸೈನ್ಯ ಗಂಟೆಗಟ್ಟಲೆ ನಡೆದು ಶತ್ರುವಿನ ಊರು ಮುಟ್ಟುತ್ತದೆ. ನಮ್ಮ ಗುಂಪಿಗೆ ಅವನೇ ದಂಡನಾಯಕ. ಶತ್ರುಗಳು ಚಾಮರಾಜನಗರದವರು.

ಹೊಸಬರಿಗೆ ಬುದ್ಧಿ ಹೇಳುವುದೆಂದರೆ ಅವನಿಗೆ ಹಬ್ಬ. "ಕಣಜ ತುಂಬುಸ್ಕಂಡು ಮನೀಕಬ್ಯಾಡ ಕಣಮ್ಮಿ. ಅಂದಿ ಬರೋದು ಬೆಳೆ ಇದ್ದ ಕಡ್ಗೇಯ" ಎನ್ನುವನು. "ಒಬ್ಳೇ ಗೆಲ್ಲಕ್ ಬಂದಿದ್ರೆ ಮನೇಲಿ ಚೌಕಾಬಾರ ಆಡ್ಕ ಓಗು. ಗುಂಪು ಅಂದ್ರೆ ಮುಯ್ಯಾಳು. ಇವತ್ತು ನಿನ್ನ ದಂಡು ಅವ್ರೂರ್ಗೆ, ನಾಳೆ ಅವ್ರ ದಂಡು ನಿನ್ನೂರ್ಗೆ." ನಾಟಿಗೆ, ಕಳೆಗೆ ಒಬ್ಬರ ಹೊಲಕ್ಕೊಬ್ಬರು ಮುಯ್ಯಾಳು ಹೋಗುವುದನ್ನು ನೋಡಿ ಬೆಳೆದವಳು ನಾನು. ನಂಬಿದೆ.

ಅಪ್ಪನ ಮನೆಯಲ್ಲಿ ನನ್ನದೆನ್ನಲು ಒಂದು ಗೂಡೂ ಇರಲಿಲ್ಲ. ಆಟದ ಆ ಊರು ಮಾತ್ರ ನನ್ನದಾಗಿತ್ತು. ಮಳೆಗಾಲವೆಲ್ಲ ಕೂತು ಕಟ್ಟಿದ್ದೆ.

ಒಂದು ಮಧ್ಯಾಹ್ನ ಅವನು ನನ್ನ ಸೈನ್ಯವನ್ನೆಲ್ಲ ತನ್ನ ಊರಿನ ಕಾವಲಿಗೆ ಕಳಿಸೆಂದ. ಕಳಿಸಿದೆ. ಚಾಮರಾಜನಗರದವರು ಬರಿದಾದ ನನ್ನ ಊರಿಗೆ ನುಗ್ಗಿ ನೆಲಸಮ ಮಾಡಿದರು. ಕಾವಲಿಲ್ಲದ ಊರಿಗೇ ಅವರು ಬರುತ್ತಾರೆಂದು ಅವನಿಗೆ ಮೊದಲೇ ಗೊತ್ತಿತ್ತು; ತನ್ನದು ಉಳಿಯಲೆಂದೇ ನನ್ನದನ್ನು ಬರಿದು ಮಾಡಿಸಿದ್ದ.

"ನನ್ನದೇ ಯಾಕೆ ಕೊಟ್ರಿ ಅಣ್ಣ? ನಿಮ್ದು ಕೊಡ್ಬೋದಿತ್ತಲ್ಲ?"

"ನಂದು ಓದ್ರೆ ನಿಮ್ಗೆಲ್ಲ ಬುದ್ಧಿ ಯೋಳೋರ್ಯಾರು? ಒಸಬ್ರು ಇರೋದೇ ಅದ್ಕೆ" ಎಂದು ನಕ್ಕ. ಸಾಲಾಗಿ ಕೂತಿದ್ದವರೆಲ್ಲ ನಕ್ಕರು.

ಮುಯ್ಯಿಗೆ ಇನ್ನೊಂದು ಅರ್ಥವೂ ಇದೆ. ಗುಂಪು ಬಿಟ್ಟು ಚಾಮರಾಜನಗರದವರನ್ನು ಸೇರಿ, ಮತ್ತೆ ಊರು ಕಟ್ಟಿದೆ. "ಓಗು, ಓಗು, ಅಲ್ಲೂ ನಿನ್ನೇ ಬಲಿ ಕೊಡ್ತರೆ" ಎಂದ.

ಆಯುಧಪೂಜೆಯ ಹಿಂದಿನ ದಿನ ಅವನು ಮಧ್ಯಾಹ್ನಕ್ಕೇ ಕಂಪ್ಯೂಟರುಗಳನ್ನು ಆರಿಸಿ ಧೂಳು ಒರೆಸಲು ಕೂತ. ಅವನ ಗುಂಪಿನವರೆಲ್ಲ ಆಡುತ್ತಿದ್ದುದೂ ಅಲ್ಲೇ. ನಾನು ಪಕ್ಕದ ಕಟ್ಟಡಕ್ಕೆ ಹೋಗಿ ಪಾಠದ ಕಂಪ್ಯೂಟರಿನಿಂದ ನನ್ನ ಸೈನ್ಯ ಹೊರಡಿಸಿದೆ; ಚಾಮರಾಜನಗರದವರೂ ಹೊರಡಿಸಿದರು. ಮಾರನೆಯ ದಿನ ಅವರಲ್ಲೂ ಪೂಜೆಯೇ. ಆದರೆ ಹೊರಟ ಸೈನ್ಯಕ್ಕೆ ಯಾವ ಪೂಜೆ?

ಬೆಳಗ್ಗೆ ಬೇಕೆಂದೇ ಅವನ ಅಂಗಡಿಗೆ ಹೋದೆ. ಪರದೆಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು. ಬೊಗಸೆ ತುಂಬ ಕಡ್ಲೆಪುರಿ ಕೊಟ್ಟ.

"ಅಣ್ಣ, ಒಂದ್ಸಲ ನಿಮ್ಮೂರು ನೋಡ್ಕಳಲ್ವಾ?"

"ಪೂಜೆ ಮಾಡಿದ್ ಆಯ್ದ ಮುಟ್ಬಾರ್ದು ಕಣಮ್ಮಿ. ನಾಳೆ ನೋಡನ."

ಅಷ್ಟು ರುಚಿಯಾದ ಕಡ್ಲೆಪುರಿಯನ್ನು ನಾನು ಆಮೇಲೆ ತಿಂದಿಲ್ಲ.

ಮರುದಿನ ಪರದೆ ಹೊತ್ತಿಕೊಂಡಾಗ ಅವನ ಊರಿನ ಜಾಗದಲ್ಲಿ ಬೂದಿಯಿತ್ತು, ದಾಳಿ ಮಾಡಿದವರಲ್ಲಿ ನನ್ನ ಹೆಸರಿತ್ತು. ಆ ಉಗುರು ಎದ್ದದ್ದು ಗಾಜಿಗೆ ತಾಗಲೇ ಇಲ್ಲ.

"ಉಂಡ್ ಮನ್ಗೆ ಎರಡ್ ಬಗ್ದ್ಬುಟ್ಟಲ್ಲಮ್ಮಿ."

"ಮುಯ್ಯಿ ಅಣ್ಣ" ಎಂದೆ.

"ಇನ್ಮೇಕೆ ನನ್ನಂಗ್ಡಿ ಮೆಟ್ಲು ಅತ್ಬ್ಯಾಡ!"

ಹತ್ತಲಿಲ್ಲ. ಪಶ್ಚಾತ್ತಾಪವನ್ನೂ ಪಡಲಿಲ್ಲ. ಆದರೆ ಎಲ್ಲಿ ಕೆಲಸಕ್ಕಿದ್ದರೂ ನನ್ನದನ್ನೆಲ್ಲ ತಂದು ಒಬ್ಬರ ಕಾವಲಿಗೆ ಸುರಿಯುವ ಮುನ್ನ ಎರಡು ಸಲ ಯೋಚಿಸುತ್ತೇನೆ. ಅದು ಅವನು ಕಲಿಸಿದ್ದು. ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ನಿಜ.

ಕೆಲವು ವರ್ಷದ ಮೇಲೆ ಅವನು ಎದೆನೋವಿನಿಂದ ಸತ್ತ. ನನ್ನ ವಿದ್ಯಾರ್ಥಿಯೊಬ್ಬ ಅವನಲ್ಲಿ ಆಡುತ್ತಿದ್ದವನು. ಸುದ್ದಿ ತಂದವನೂ ಆ ಹುಡುಗನೇ. ಆಮೇಲೆ ಹೇಳಿದ: ನಾನು ಅವನ ಊರು ಸುಟ್ಟ ವರ್ಷದಿಂದ ಯಜಮಾನ ಆಯುಧಪೂಜೆಯ ದಿನ ಒಂದು ಕಂಪ್ಯೂಟರಿಗೆ ಮಾತ್ರ ಕುಂಕುಮ ಇಡುತ್ತಿರಲಿಲ್ಲವಂತೆ. ಅದರ ಮುಂದೆ ತಾನೇ ದಿನವಿಡೀ ಕೂತು ಹೊಸಬರಿಗೆ ಹೇಳುತ್ತಿದ್ದನಂತೆ: "ಪೂಜೆ ದಿನ್ವೂ ಒಂದ್ ಕಣ್ಣು ತೆರ್ದಿರ್ಬೇಕು ಕಣ್ರಲಾ. ಬೇಗೂರಲ್ಲಿ ಎಣ್ಣೊಂದದೆ."

ಆ ಸಲದ ಹಬ್ಬಕ್ಕೆ ನಾನು ಮೆಟ್ಟಿಲು ಹತ್ತಿದೆ. ಅವನ ಹೆಂಡತಿ ಕಡ್ಲೆಪುರಿ ಕೊಟ್ಟರು. ನಾನು ಅವನನ್ನು ಕ್ಷಮಿಸಿರಲಿಲ್ಲ, ಇಂದಿಗೂ ಕ್ಷಮಿಸಿಲ್ಲ. ಸಾಲಿನ ಪರದೆಗಳನ್ನು ಒಂದೊಂದಾಗಿ ನೋಡಿದೆ. ಎಲ್ಲಕ್ಕೂ ಕುಂಕುಮ ಇಟ್ಟಿದ್ದರು.